ಅಂಗುಸ್ತಾನ

ಮೊದಲು ದೂರು ಬಿದ್ದದ್ದು ಹಿತ್ತಾಳೆಯ ಮೇಲೆ.
ನಲವತ್ತು ವರ್ಷ ಬೆರಳ ತುದಿಗೆ ಟೊಪ್ಪಿಯಾಗಿದ್ದ ಅಂಗುಸ್ತಾನ
ಈಗ ಏರುವುದಿಲ್ಲವೆಂದು
ಬಂದರಿನಲ್ಲಿ ಮೋನಬ್ಬ ಇನ್ನೊಂದು ಕೊಂಡರು,
ಮೂರು ತಿಂಗಳಿಗೆ ಮತ್ತೊಂದು, ಅದಕ್ಕಿಂತ ದೊಡ್ಡದು.
ಈಗಿನ ಹಿತ್ತಾಳೆ ಮಳೆಗೆ ಕುಗ್ಗುತ್ತದೆ, ಅಂದರಂತೆ.
ಮಡಿಲಲ್ಲಿ ಬೀಡಿಯ ತಡ್ಪೆ ಇಟ್ಟುಕೊಂಡೇ ಐಸಮ್ಮ ನಕ್ಕರಂತೆ:
ಹಿತ್ತಾಳೆ ಎಂತ ಮಾಡ್ತದೆ? ನಿಮ್ಮ ಬೆರಳು ನೋಡಿ,
ಬೆಂಕಿಕಡ್ಡಿಯ ತಲೆಯ ಹಾಗೆ ಉಂಟು.

ಆಮೇಲೆ ಕಾಲಿನ ಹರಡು, ಮೊಣಕಾಲು, ಮಣಿಕಟ್ಟು.
ಮಷಿನ್ ತುಳಿದು ತುಳಿದು, ಎಂದರು ಎಲ್ಲರೂ.
ಒಬ್ಬರು ವಾಯು ಎಂದು ಎಣ್ಣೆ ಕೊಟ್ಟರು,
ಇನ್ನೊಬ್ಬರು ಸಂಧಿವಾತವೆಂದು ಮಾತ್ರೆ ಕೊಟ್ಟರು, ಹೊಟ್ಟೆ ಉರಿಯಿತು.
ನೋವಿಗೂ ಒಂದು ಹಠ:
ಕಾಲು ಇಳಿಬಿಟ್ಟರೆ ಎಲುಬೇ ಕುದಿಯುವುದು,
ಯೂನಿಫಾರ್ಮಿನ ಥಾನಿನ ಮೇಲೆ ಎತ್ತಿಟ್ಟರೆ ತಗ್ಗುವುದು.
ಎತ್ತಿಟ್ಟ ಕಾಲಲ್ಲಿ ಮಷಿನ್ ತುಳಿಯುವುದು ಹೇಗೆ?
ಜೂನ್ ಬಂತು. ಅರ್ಧ ಶಾಲೆಯ ಅಂಗಿಗಳು
ತೋಳಿಲ್ಲದೆ ಹಗ್ಗದಲ್ಲಿ ನೇತಾಡಿದವು.

ನಾನು ಎಕ್ಸ್‌ರೇ ಕೋಣೆಯವಳು.
ಚೀಟಿಯ ಹೆಸರಿಂದ ಗುರುತು ಹಿಡಿದೆ, ಬೆರಳಿಂದ ಆಗಲಿಲ್ಲ.
ನನ್ನ ಐದನೇ ಕ್ಲಾಸಿನ ಸ್ಕರ್ಟಿಗೆ ಅಳತೆ ತೆಗೆದ ಸಪೂರ ಬೆರಳು ಅವು.
ಒಳಗೆ ಎರಡಿಂಚು ಬಿಟ್ಟಿದ್ದೇನೆ ಮಗಳೇ,
ಬೆಳೆದರೆ ಬಿಚ್ಚಬಹುದು, ಅಂದಿದ್ದರು.
ಈಗ ಉಗುರು ಗಿಣಿಕೊಕ್ಕಿನಂತೆ ಬಾಗಿ ಮಿರುಗುತ್ತದೆ,
ಬುಡ ಒತ್ತಿದರೆ ತೇಲುತ್ತದೆ
ಹಗ್ಗ ಸಡಿಲಾದ ದೋಣಿಯಂತೆ. ಅಂಗೈ ಬೆವರು.

ಎರಡೂ ತೋರುಬೆರಳ ಉಗುರು ಎದುರುಬದುರು ಕೂಡಿಸಿ,
ಅಂದರು ವಾರ್ಡಿನ ಹುಡುಗ ಡಾಕ್ಟರು.
ನಾನೂ ಕೂಡಿಸಿದೆ: ನಡುವೆ ವಜ್ರದಾಕಾರದ ಕಿಂಡಿ,
ಅದರಲ್ಲಿ ಒಂದು ಚೂರು ಟ್ಯೂಬ್‌ಲೈಟು.
ಅವರದರಲ್ಲಿ ಬೆಳಕಿಲ್ಲ.
ಕಾಜಾ ಮುಚ್ಚಿಹೋಗಿದೆಯಲ್ಲ, ಅಂದರು ಮೋನಬ್ಬ.

ಕಾಲಿನ ಫಿಲ್ಮಿನಲ್ಲಿ
ಉದ್ದ ಎಲುಬಿನ ಮಗ್ಗುಲಿಗೆ ಇನ್ನೊಂದು ತೆಳು ಗೆರೆ,
ಮೈಗೆ ಅಂಟಿಯೂ ಅಂಟದ ಹಾಗೆ.
ಇದು ಅಸ್ತರು, ನನಗೆ ಗೊತ್ತಾಗ್ತದೆ.
ಎಲುಬಿಗೆ ಅಸ್ತರು ಹೊಲಿಯಲಿಕ್ಕೆ ಆರ್ಡರು ಕೊಟ್ಟದ್ದು ಯಾರು?

ಕೊಟ್ಟವ ಮೇಲಿದ್ದ,
ಬಲ ಎದೆಯ ಮೂಲೆಯಲ್ಲಿ, ಕೋಟಿನ ಗುಂಡಿಯಷ್ಟು ಬಿಳಿ.
ಕೆಮ್ಮಿರಲಿಲ್ಲ. ರಕ್ತ ಬಂದಿರಲಿಲ್ಲ.
ಎದೆ ತಾನು ಬಾಯಿ ಬಿಡದೆ
ಕಾಲಿನ ಕೈಯಲ್ಲಿ ಹೇಳಿ ಕಳಿಸಿತ್ತು.

ನಾನು ಒಂದೇ ಒಂದು ಬೀಡಿ ಸೇದಿದವನಲ್ಲ, ಅಂದರು.
ಐಸಮ್ಮ ತಮ್ಮ ಕೈ ಸೆರಗಿನೊಳಗೆ ಎಳೆದುಕೊಂಡರು.

ಶ್ವಾಸಕೋಶ ಒಂದು ಜರಡಿಯಂತೆ.
ರಕ್ತದ ದಪ್ಪ ಕಣ ಅಲ್ಲಿ ಒಡೆದು ನುಣ್ಣಗಾಗಬೇಕು.
ಜರಡಿ ಹರಿದರೆ ಇಡಿಯಾಗಿ ಜಾರಿ
ಬೆರಳ ತುದಿಯಲ್ಲಿ ಸಿಕ್ಕಿಬಿದ್ದು
ಬೆಳೆ, ಬೆಳೆ ಎಂದು ಮಾಂಸದ ಕಿವಿಯಲ್ಲಿ ಹೇಳುತ್ತವೆ.
ಇದು ಅಂದಾಜು, ಪೂರ್ತಿ ತಿಳಿದಿಲ್ಲ,
ಎಂದರು ದೊಡ್ಡ ಡಾಕ್ಟರು, ಕನ್ನಡಕ ಒರೆಸುತ್ತ.
ಈ ಉಗುರು ನಾನು ಮೊದಲೂ ಕಂಡಿದ್ದೆ:
ಹೃದಯದಲ್ಲಿ ತೂತಿದ್ದ ಉಳ್ಳಾಲದ ಹುಡುಗಿ,
ನೇರಳೆ ತಿಂದಂಥ ತುಟಿ;
ಎದೆಯಲ್ಲಿ ಕೀವು ಕಟ್ಟಿದ ಹಂಚಿನ ಕಾರ್ಖಾನೆಯ ಅಜ್ಜ;
ಲಿವರ್ ಸೋತವರು ಇಬ್ಬರು.
ಇನ್ನೊಬ್ಬನಿಗೆ ಬೇರೆ ರೋಗವೇ ಇಲ್ಲ,
ಹಣೆಯ ಚರ್ಮ ಮಡಿಕೆ ಮಡಿಕೆ,
ಅಪ್ಪನಿಂದ ಬಂದ ಆಸ್ತಿ, ಅಂದಿದ್ದ.

ಗುಂಡಿ ಕಿತ್ತು ತೆಗೆದರು.
ಎದೆಯ ಹೊಲಿಗೆ ಇನ್ನೂ ಹಸಿಯಿರುವಾಗಲೇ
ಮೋನಬ್ಬ ಮಂಚದಿಂದ ಕಾಲು ಇಳಿಬಿಟ್ಟು ಕೂತಿದ್ದರು,
ನೋವಿಲ್ಲ, ಗಾಳಿಯಲ್ಲೇ ಪೆಡಲು ತುಳಿಯುತ್ತ.
ಹೊಲಿಗೆ ನೋಡಿ ಮುಖ ಹುಳಿ ಮಾಡಿದರು:
ಇದು ಕಚ್ಚಾ. ನನ್ನ ಹತ್ತಿರ ಕೊಡಬೇಕಿತ್ತು.

ಇವತ್ತು ಮತ್ತೆ ಫಿಲ್ಮಿಗೆ ಬಂದಿದ್ದಾರೆ.
ಜೇಬಿನಲ್ಲಿ ಮೂರೂ ಅಂಗುಸ್ತಾನ,
ನಡುವಿನದು ಈಗ ಹಿಡಿಯುತ್ತದಂತೆ.
ತಣ್ಣನೆಯ ಹಲಗೆಗೆ ಎದೆ ಒತ್ತಿ, ತಿರುಗದೆಯೇ ಕೇಳಿದರು:
ಒಳಗೆ ಎಷ್ಟಿಂಚು ಬಿಟ್ಟಿದ್ದಾರೆ ಮಗಳೇ, ಬಿಚ್ಚಲಿಕ್ಕೆ?

ಗದ್ದ ಮೇಲೆ. ಭುಜ ಮುಂದೆ.
ಉಸಿರು ಎಳೆಯಿರಿ, ಅಂದೆ. ಹಿಡಿಯಿರಿ.